ಊದುಗೊಳವಿ ಎಲ್ಲೈತಿ?

ವಿಜಯಪುರದ ಮನೆಯೊಳಗೆ ಅಗ್ಗಿಷ್ಟಿಕೆ ಇದೆ ಅಂದರೆ ಯಾರೂ ನಂಬಲಿಕ್ಕಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿ, ರಾತ್ರಿಯೂ ಗೋಡೆಗಳು ಕಾವು ಬಿಡುವ ಊರು. ಆದರೂ ಸ್ಟೇಷನ್ ರಸ್ತೆಯಲ್ಲಿ ನಮ್ಮ ಸೋದರಮಾವನ ಮಗ ಕಟ್ಟಿಸಿದ ಹೊಸ ಮನೆಯ ಹಾಲ್‌ನಲ್ಲಿ ಒಂದು ಇದೆ. ಒಳಗೆ ಎಲ್‌ಇಡಿ ಜ್ವಾಲೆ, ಮೇಲೆ ಎಸಿ. ಪಕ್ಕದಲ್ಲಿ ಹಿತ್ತಾಳೆಯ ಸ್ಟ್ಯಾಂಡು. ಅದಕ್ಕೆ ತೂಗುಹಾಕಿದ ನಾಲ್ಕು ಸಾಮಾನು: ಕೆಂಡ ಕೆದಕುವ ಸಲಾಕೆ, ಬೂದಿ ಎತ್ತುವ ಸಲಿಕೆ, ಇಕ್ಕಳ, ಪುಟ್ಟದೊಂದು ಬ್ರಶ್ಶು. ಹಿಡಿಕೆಗಳ ತುಂಬ ಎಲೆ, ಬಳ್ಳಿ. 'ಫ್ರೆಂಚ್ ವಿಂಟೇಜ್' ಅಂತ ಆನ್‌ಲೈನ್‌ನಲ್ಲಿ ತರಿಸಿದ್ದಂತೆ. ಬೆಲೆ ಕೇಳಿದರೆ ನಕ್ಕು ಮಾತು ಮರೆಸಿದ.

"ತಮ್ಮಾ, ಇದು ಅಸಲಿ ಐತೋ ಇಲ್ಲೋ ನೋಡು" ಅಂದ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮ್ಯಾಗ್ನೆಟ್ ಕಿತ್ತು ತಂದೆ. ಹಿಡಿಕೆಗೆ ಅಂಟಲಿಲ್ಲ, ಸಲಾಕೆಯ ತುದಿಗೆ ಟಕ್ಕನೆ ಅಂಟಿತು. ಅಣ್ಣನ ಮುಖ ಸಣ್ಣದಾಯಿತು. ಆದರೆ ಇದು ಒಳ್ಳೆಯ ಲಕ್ಷಣವೇ. ತಾಮ್ರ, ಸತುವು ಕೂಡಿದ ಹಿತ್ತಾಳೆ ಸುಮಾರು 900 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಕಬ್ಬಿಣಕ್ಕಿಂತ ಬೇಗ ಕಾವನ್ನು ಕೈಗೆ ದಾಟಿಸುತ್ತದೆ. ಅದಕ್ಕೇ ಬೆಂಕಿ ಮುಟ್ಟುವ ಕಡೆ ಕಬ್ಬಿಣ, ಕಣ್ಣಿಗೆ ಬೀಳುವ ಕಡೆ ಹಿತ್ತಾಳೆ. ಹಿಡಿಕೆಗೂ ಮ್ಯಾಗ್ನೆಟ್ ಅಂಟಿದ್ದರೆ ಅದು ಕಬ್ಬಿಣದ ಮೇಲಿನ ಬರೀ ಲೇಪ ಅಂತ ಅರ್ಥ.

ಹುಟ್ಟಿದ ಊರನ್ನು ಮಾತ್ರ ಮ್ಯಾಗ್ನೆಟ್ ಹೇಳುವುದಿಲ್ಲ. ಉತ್ತರ ಪ್ರದೇಶದ ಮೊರಾದಾಬಾದಿನಿಂದ ಯುರೋಪು, ಅಮೆರಿಕಗಳಿಗೆ ಹಿತ್ತಾಳೆ ಸಾಮಾನು ಹೋಗುತ್ತದೆ, ಇಂಥ ಸೆಟ್ಟುಗಳೂ ಹೋಗುತ್ತವೆ. ಇದು ಹಡಗನ್ನೇ ಹತ್ತಿರಲಿಕ್ಕಿಲ್ಲ ಅಂದೆ. ಅಣ್ಣ ನಗಲಿಲ್ಲ.

ಫ್ರೆಂಚರು ಈ ಸ್ಟ್ಯಾಂಡನ್ನು ಕರೆಯುವುದು 'ಸರ್ವಿತ್ಯೂರ್' ಅಂತ. ಅಂದರೆ ಸೇವಕ. ದೊಡ್ಡ ಮನೆಗಳಲ್ಲಿ ಬೂದಿ ತೆಗೆದು ಬೆಂಕಿ ಹೊತ್ತಿಸಲು ನಿಜವಾದ ಆಳುಗಳೇ ಇರುತ್ತಿದ್ದರು. ಬಳ್ಳಿಯ ಕೆತ್ತನೆ ಅವರ ಸಲುವಾಗಿ ಮಾಡಿದ್ದಲ್ಲ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತವರ ಸಲುವಾಗಿ.

ನಮ್ಮ ಹಳ್ಳಿಮನೆಯಲ್ಲೂ ಇದೇ ಪಾಲುಪಟ್ಟಿ ಇತ್ತು ಅನ್ನಿ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ಕೊಡ, ತಂಬಿಗಿ ಎಲ್ಲ ಬಾಗಿಲಿಗೆ ಬಂದವರಿಗೆ ಕಾಣುವ ಹಲಗೆಯ ಮೇಲೆ. ಒಲೆಯ ಹತ್ತಿರ ಒಂದು ಇಕ್ಕಳ, ಮತ್ತೆ ಹಳೇ ನಳದ ಪೈಪಿನ ತುಂಡು. ಅದೇ ಅವ್ವನ ಊದುಗೊಳವಿ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಮಳೆಗಾಲದಲ್ಲಿ ಹಸಿ ಕುಳ್ಳು. ಊದದೆ ಉರಿ ಏಳುತ್ತಿರಲಿಲ್ಲ.

ವಾಸ್ತುಶಾಂತಿಯ ದಿನ ಅವ್ವ ಆ ಸ್ಟ್ಯಾಂಡಿನ ಮುಂದೆ ಬಹಳ ಹೊತ್ತು ನಿಂತಳು. ಇಕ್ಕಳ ತೆಗೆದು ಎರಡು ಸಲ ಬಾಯಿ ಮುಚ್ಚಿ ತೆರೆದು "ಬೇಷ್ ಐತಿ" ಅಂದಳು. ಬ್ರಶ್ಶು ನೋಡಿ ನಕ್ಕಳು. ಆಮೇಲೆ ಕೇಳಿದಳು:

"ಇದರಾಗ ಊದುಗೊಳವಿ ಎಲ್ಲೈತಿ?"

ಅಂಥ ಮನೆಗಳಲ್ಲಿ ಊದಲಿಕ್ಕೆ ಕೈಯಲ್ಲಿ ಒತ್ತುವ ತಿದಿ ಇರುತ್ತಿತ್ತು ಅಂದೆ.

"ಅಂದ್ರ ಹೊಗಿ ಮಾರಿಗೆ ಬಡಿಯಂಗಿಲ್ಲ."

ಅಷ್ಟೇ ಅಂದಳು. ನನಗೆ ಆಸ್ಪತ್ರೆ ನೆನಪಾಯಿತು. ಉಸಿರಾಟದ ತೊಂದರೆ ಅಂತ ಕರೆದುಕೊಂಡು ಹೋದಾಗ ಡಾಕ್ಟರು ಮೊದಲು ಕೇಳಿದ್ದು, ಬೀಡಿ ಸೇದುತ್ತಿದ್ದರಾ ಅಂತ. ಎರಡನೆಯ ಪ್ರಶ್ನೆ, ಎಷ್ಟು ವರ್ಷ ಕಟ್ಟಿಗೆ ಒಲೆ ಅಂತ. ಅವ್ವ ಬೆರಳು ಮಡಚಿ ಎಣಿಸುತ್ತಲೇ ಇದ್ದಳು. ಸಿಒಪಿಡಿ ಅಂತ ಬರೆದರು. ಈಗ ಚೀಲದಲ್ಲಿ ಸದಾ ಇನ್‌ಹೇಲರ್.

ಆ ಸಂಜೆ ಮಹಡಿಯ ಮೇಲೆ, ಎದುರಿಗೆ ಗೋಲಗುಂಬಜ, ಅವ್ವನನ್ನು ಕೇಳಿದೆ. ನಿನ್ನ ಊದುಗೊಳವಿ ಕೊಡು, ಬೆಂಗಳೂರಿನ ಫ್ಲ್ಯಾಟಿನ ಗೋಡೆಗೆ ಹಾಕುತ್ತೇನೆ.

"ಗ್ಯಾಸ್ ಬಂದ ದಿನಾನ ಮೋಡಕಾದಾಂವಗ ಹಾಕೀನಿ ಅದನ್ನ" ಅಂದಳು. "ತಂಬಿಗಿ ಅದಾವು. ಬೇಕಂದ್ರ ಒಂದು ಒಯ್ಯಿ."