ಓಕ್ಲೆ ಮತ್ತು ಅವ್ವನ ಕಂಬಳಿ

ಆಸ್ಲೋ ನಗರದ ಆ ಹಳೆಯ ಮರದ ಮನೆಯಲ್ಲಿ ನಮಗೆಂದು ತೋರಿಸಿದ ಕುರ್ಚಿಯಲ್ಲಿ ನಾವು ಕೂರಲಾಗಲಿಲ್ಲ. ಯಾವ ಕೆತ್ತನೆಯೂ ಇಲ್ಲದ, ತಿಳಿಬಣ್ಣದ ಮರದ ಸಾದಾ ಕುರ್ಚಿ ಅದು. ಆದರೆ ಆಸನಕ್ಕೆ ಹೊದಿಸಿದ್ದ ಉಣ್ಣೆಯ ಬಟ್ಟೆಯಲ್ಲಿ ಕೆಂಪು, ಕಡುನೀಲಿ, ಹಳದಿಯ ಮೊನಚು ಗೆರೆಗಳು ಒಂದರ ಬೆನ್ನಿಗೊಂದು ಏರಿ ಇಳಿಯುತ್ತಿದ್ದವು. ಚೆನ್ನಾಗಿದೆಯೆಂದು ನಾವು ಹೇಳಿದ್ದೇ ತಡ, ನಿವೃತ್ತ ಶಿಕ್ಷಕಿಯಾದ ಮನೆಯೊಡತಿ ಇಂಗ್ಲಿಷಿನಲ್ಲಿ ವಿವರಿಸಿದರು: "ಇದು ನನ್ನ ಅಜ್ಜಿಯ ಹೊದಿಕೆ. ಅವರ ಶವಪೆಟ್ಟಿಗೆಯ ಮೇಲೂ ಇದನ್ನೇ ಹೊದಿಸಿದ್ದೆವು." ಅರ್ಧ ಬಗ್ಗಿದ್ದ ನಾವು ಹಾಗೆಯೇ ನಿಂತೆವು. ನಮ್ಮ ಶ್ರೀಮತಿಯವರು ಅದಾಗಲೇ ಕಿಟಕಿಯ ಪಕ್ಕದ ಬೆಂಚಿಗೆ ಸರಿದಿದ್ದರು.

ಶ್ರೀಮತಿಯವರ ತಮ್ಮ ಆ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾನೆ. ಕಚೇರಿಯ ಅನುಮತಿ ಪಡೆದು, ಉಳಿತಾಯವನ್ನು ಕರಗಿಸಿ, ದೆಹಲಿಯಿಂದ ಹತ್ತು ದಿನಗಳ ಮಟ್ಟಿಗೆ ನಾವು ಅವನನ್ನು ನೋಡಲು ಹೋಗಿದ್ದೆವು. ಅಲ್ಲಿ ಕಂಡ ಸಮುದ್ರ, ಹಡಗು, ಹಿಮಗಳ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. ಆ ಕುರ್ಚಿ ಮಾತ್ರ ನಮ್ಮೊಡನೆ ದೆಹಲಿಯವರೆಗೂ ಬಂತು.

ಆ ಹೊದಿಕೆಗೆ ನಾರ್ವೆಯಲ್ಲಿ ಓಕ್ಲೆ ಎನ್ನುತ್ತಾರೆ. ಪಶ್ಚಿಮ ಕರಾವಳಿಯ ಕಣಿವೆಗಳ ರೈತರ ಮನೆಗಳಲ್ಲಿ ಇದು ಚಳಿಗೆ ಹೊದೆಯುವ ಬಟ್ಟೆ. ಹಬ್ಬದ ದಿನ ಗೋಡೆಯ ಅಲಂಕಾರ. ಮಗುವಿನ ನಾಮಕರಣಕ್ಕೂ ಮದುವೆಗೂ ಅದೇ ಹೊರಬರುತ್ತಿತ್ತು. ಮನೆಯ ಹಿರಿಯರು ತೀರಿಕೊಂಡರೆ ಶವಪೆಟ್ಟಿಗೆಯ ಮೇಲೆ ಹೊದಿಸಿ, ಮಣ್ಣಾದ ಮೇಲೆ ಮನೆಗೆ ತಂದು, ಮತ್ತೆ ಹಾಸಿಗೆಗೆ ಹಾಕುತ್ತಿದ್ದರು. ನಮ್ಮಲ್ಲಿ ಹೆಣದ ಮೇಲಿನ ಬಟ್ಟೆ ಹೆಣದೊಡನೆಯೇ ಹೋಗುತ್ತದೆ. ಶ್ರೀಮತಿಯವರು ಬೆಂಚಿನಿಂದಲೇ ಮೆಲ್ಲಗೆ ಕೇಳಿದರು: "ಅದರ ಮೇಲೆ ಕೂರಲು ನಿಮಗೆ ಏನೂ ಅನ್ನಿಸುವುದಿಲ್ಲವೇ?" ಆಕೆಗೆ ಬೇಸರವಾಗಲಿಲ್ಲ. "ಚಿಕ್ಕವಳಿದ್ದಾಗ ಅಜ್ಜಿಯ ತೊಡೆಯ ಮೇಲೆ ಕೂರುತ್ತಿದ್ದೆ. ಈಗಲೂ ಹಾಗೆಯೇ ಅನ್ನಿಸುತ್ತದೆ" ಎಂದರು.

ಕುರ್ಚಿಯ ಆಸನವನ್ನು ಚೌಕಟ್ಟಿನಿಂದ ಎತ್ತಿ, ತಲೆಕೆಳಗಾಗಿಸಿ, ಅವರು ನಮಗೆ ಒಂದು ಪಾಠವನ್ನೇ ಮಾಡಿದರು. ಆ ನೇಯ್ಗೆಯ ಹೆಸರು ಕ್ರೂಕ್‌ಬ್ರಾಗ್ಡ್. ಅದರಲ್ಲಿ ಹಾಸು ನೂಲು ಎಲ್ಲಿಯೂ ಕಾಣಿಸುವುದಿಲ್ಲ. ಬಣ್ಣದ ಹೊಕ್ಕು ನೂಲನ್ನು ಬಡಿದು ಬಡಿದು ಅದನ್ನು ಪೂರ್ತಿ ಮುಚ್ಚುತ್ತಾರೆ. ಚಿತ್ರದ ಒಂದು ಸಾಲು ತುಂಬಲು ಲಾಳಿ ಮೂರು ಸಲ ಹಾಯಬೇಕು. ಮುಂಭಾಗದಲ್ಲಿ ಕಾಣದ ನೂಲು ಹಿಂಭಾಗದಲ್ಲಿ ಸಡಿಲವಾಗಿ ಹಾಯುವುದರಿಂದ ಬಟ್ಟೆ ದಪ್ಪವಾಗುತ್ತದೆ, ಬೆಚ್ಚಗಿರುತ್ತದೆ. ಹಾಸಿಗೆಯ ಮೇಲಿದ್ದಾಗ ಈ ಸಡಿಲ ನೂಲು ಎಲ್ಲಿಗಾದರೂ ಸಿಕ್ಕಿಕೊಳ್ಳುವ ಭಯವಿದೆ. ಕುರ್ಚಿಗೆ ಹೊದಿಸಿದರೆ ಅದು ಒಳಗಡೆ ಅಡಗುತ್ತದೆ, ಸವೆತವನ್ನು ಗಟ್ಟಿಯಾದ ಮುಂಭಾಗವೇ ತಾಳಿಕೊಳ್ಳುತ್ತದೆ. ಸ್ಪೇಲ್‌ಸೌ ಎಂಬ ಅಲ್ಲಿನ ಹಳೆಯ ತಳಿಯ ಕುರಿಗೆ ಹೊರಗೆ ಉದ್ದನೆಯ ಹೊಳೆಯುವ ಕೂದಲು, ಒಳಗೆ ಮೃದುವಾದ ಉಣ್ಣೆ, ಹೀಗೆ ಎರಡು ಪದರ. ಹಳೆಯ ಬಟ್ಟೆಗಳ ಹೊಳಪಿಗೂ ಗಟ್ಟಿತನಕ್ಕೂ ಆ ಹೊರಗೂದಲು ಕಾರಣ.

"ಹಾಗಾದರೆ ಇಂಥದ್ದನ್ನು ಕತ್ತರಿಸಲು ಮನಸ್ಸು ಹೇಗೆ ಬಂತು?" ನಮ್ಮ ಪ್ರಶ್ನೆ ತುಸು ಒರಟಾಗಿಯೇ ಇತ್ತು. ಆಕೆ ಉತ್ತರಿಸಿದರು: "ನಾನು ಕತ್ತರಿಸಲಿಲ್ಲ, ನುಸಿ ಕತ್ತರಿಸಿತ್ತು. ಉಳಿದುದನ್ನು ನಾನು ಆರಿಸಿಕೊಂಡೆ." ಹೊದಿಕೆಯ ಅರ್ಧ ಭಾಗ ನುಸಿಯ ಪಾಲಾಗಿತ್ತಂತೆ. ಕಪ್ಪು ಬಣ್ಣದ ಪಟ್ಟೆಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಕಬ್ಬಿಣದ ಅಂಶ ಬೆರೆಸಿ ಹಾಕಿದ ಕಪ್ಪು ಉಣ್ಣೆಯನ್ನೇ ಮೊದಲು ತಿನ್ನುತ್ತದೆ. ಗಟ್ಟಿ ಉಳಿದ ಭಾಗವನ್ನು ನಾರಗಸೆಯ ಹೊಸ ಬಟ್ಟೆಯ ಮೇಲಿಟ್ಟು ಸಣ್ಣ ಹೊಲಿಗೆ ಹಾಕಿಸಿದ್ದರು. ಆಸನವನ್ನು ಬಿಗಿದಾಗ ಎಳೆತವೆಲ್ಲ ಅಡಿಯ ಬಟ್ಟೆಗೆ ಬೀಳಬೇಕು, ಅಜ್ಜಿಯ ನೂಲಿಗೆ ಬೀಳಬಾರದು. ಬಿಸಿಲು ತಾಗದಂತೆ ಕುರ್ಚಿಯ ಸ್ಥಳವೂ ನಿಗದಿಯಾಗಿತ್ತು. ಅವರ ತಂಗಿಯ ಮನೆಯಲ್ಲಿ ಇನ್ನೊಂದು ಓಕ್ಲೆ ಇಡಿಯಾಗಿಯೇ ಇದೆ. ಅದಕ್ಕೆ ಕತ್ತರಿ ತಾಗಿಸುವ ಮಾತನ್ನು ಅಕ್ಕತಂಗಿಯರು ಆಡುವುದೂ ಇಲ್ಲ. ಅಂಥ ಬಟ್ಟೆಯ ಕುರ್ಚಿ ಬೇಕೆನಿಸಿದರೆ ಅದೇ ವಿನ್ಯಾಸವನ್ನು ಹೊಸ ನೂಲಿನಲ್ಲಿ ನೇಯಿಸಬೇಕು ಎಂಬುದು ಆಕೆಯ ಕಟ್ಟುನಿಟ್ಟು.

ಮಾರನೆಯ ದಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಬಾಲ್ಡಿಶೋಲ್ ಚಿತ್ರವಸ್ತ್ರದ ಮುಂದೆ ನಿಂತಾಗ ಆಕೆಯ ಮಾತು ಇನ್ನಷ್ಟು ತಿಳಿಯಾಯಿತು. 1879ರಲ್ಲಿ ಒಂದು ಹಳ್ಳಿಯ ಇಗರ್ಜಿಯನ್ನು ಕೆಡವುವಾಗ ಸಿಕ್ಕ ಮಧ್ಯಯುಗದ ತುಂಡು ಅದು. ವರ್ಷದ ಹನ್ನೆರಡು ತಿಂಗಳಲ್ಲಿ ಏಪ್ರಿಲ್, ಮೇ ಎರಡೇ ಉಳಿದಿವೆ: ಗಡ್ಡದ ಒಬ್ಬ ಗೃಹಸ್ಥ, ಕುದುರೆಯ ಮೇಲೊಬ್ಬ ಯೋಧ. ಇದಕ್ಕೆ ಗಾಜಿನ ಹಿಂದಿನ ಜಾಗವೇ ಸರಿ. ಆದರೆ ಎಲ್ಲವನ್ನೂ ಗಾಜಿನ ಹಿಂದಿಟ್ಟರೆ ನೇಯುವ ಕೈ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ನಾರ್ವೆಗೆ ಹೊಸದಲ್ಲ. ಸ್ವೀಡನ್ನಿನ ಜೊತೆಗಿನ ಒಕ್ಕೂಟದಿಂದ ಆ ದೇಶ ಹೊರಬಂದದ್ದು 1905ರಲ್ಲಿ. ಅದಕ್ಕೂ ಮೊದಲೇ, 1891ರಲ್ಲಿ, ಮನೆಗೈಗಾರಿಕೆಯನ್ನು ಉಳಿಸಲೆಂದು ಅಲ್ಲೊಂದು ಸಂಘ ಹುಟ್ಟಿತ್ತು. ಅದೇ ಕಾಲದಲ್ಲಿ ಸ್ಟಾವಾಂಗರ್ ಊರಿನ ಫ್ರೀಡಾ ಹಾನ್ಸೆನ್ ಹಳ್ಳಿಯ ನೇಯ್ಗೆಯನ್ನು ಕಲಿತು, ಹಾಸು ನೂಲನ್ನು ಅಲ್ಲಲ್ಲಿ ತೆರೆದೇ ಬಿಡುವ ಪಾರದರ್ಶಕ ವಿಧಾನವೊಂದನ್ನು ಕಂಡುಕೊಂಡು, 1897ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಈಗ ನಾವು ಸಂಪ್ರದಾಯವೆಂದು ಕೈಮುಗಿಯುವುದರಲ್ಲಿ ಎಷ್ಟೋ ಭಾಗ ಆ ಕಾಲದ ಧೈರ್ಯವಂತರು ಬದಲಾಯಿಸಿ ಉಳಿಸಿದ್ದು.

ಇಂದೂ ಆ ಕೆಲಸ ನಿಂತಿಲ್ಲ. ಲಿಲ್ಲೆಹಾಮರ್ ಊರಿನಲ್ಲಿ 1887ರಿಂದ ಇರುವ ಉಣ್ಣೆ ಗಿರಣಿಯೊಂದು ಬೂನಾಡ್ ಎಂಬ ಸಾಂಪ್ರದಾಯಿಕ ಉಡುಪಿನ ಬಟ್ಟೆಯನ್ನೂ ಕುರ್ಚಿ, ಸೋಫಾಗಳ ಬಟ್ಟೆಯನ್ನೂ ನೇಯುತ್ತದೆ. ರೋರೊಸ್ ಎಂಬ ತಾಮ್ರದ ಗಣಿಯ ಊರಿನಲ್ಲಿ ಪೇದರ್ ಯೋರ್ಟ್ ಎಂಬ ಅಧಿಕಾರಿ 1789ರಲ್ಲಿ ತನ್ನ ಆಸ್ತಿಯನ್ನು ಬಡವರಿಗೆ ನೂಲುವ, ನೇಯುವ ಕೆಲಸ ಕಲಿಸಲು ಬಿಟ್ಟುಹೋದ. ಆ ನಿಧಿಯ ಬೇರಿನಿಂದಲೇ ಅಲ್ಲಿನ ಈಗಿನ ಕಂಬಳಿ ಗಿರಣಿ ಬೆಳೆದದ್ದು. ಆಂದ್ರೆಯಾಸ್ ಎಂಗೆಸ್ವಿಕ್ ಎಂಬ ವಿನ್ಯಾಸಕಾರ ಬೂನಾಡಿನ ಬಣ್ಣಗಳನ್ನೇ ಹೊದಿಕೆಗಳಿಗೆ ತಂದಿದ್ದಾರೆ. ಅಂಥ ಹೊದಿಕೆ ಈಗ ಸೋಫಾದ ತೋಳಿನ ಮೇಲೂ ಮಡಿಸಿ ಕೂರುತ್ತದೆ.

ಇಷ್ಟನ್ನೆಲ್ಲ ಬರೆಯುವಾಗ ನಮ್ಮ ಕಣ್ಣ ಮುಂದಿರುವುದು ಒಂದು ಕಬ್ಬಿಣದ ಟ್ರಂಕು. ಅದರೊಳಗೆ ಅವ್ವನ ಕರಿ ಕಂಬಳಿಯಿದೆ. ಚಳ್ಳಕೆರೆಯ ಸಂತೆಯಲ್ಲಿ ಕೊಂಡದ್ದು. ಕೈಯಲ್ಲಿ ನೂತ ಉಣ್ಣೆ, ಗುಣಿಮಗ್ಗದ ನೇಯ್ಗೆ, ಹುಣಸೆ ಬೀಜದ ಗಂಜಿ. ಅವ್ವ ಹೋದ ವರ್ಷ ಯಾರನ್ನೂ ಕೇಳದೆ ಅದನ್ನು ದೆಹಲಿಗೆ ತಂದದ್ದು ನಾವು. ದಾವಣಗೆರೆಯ ಅಕ್ಕ "ಕಂಬಳಿ ಎಲ್ಲೈತಿ?" ಎಂದು ಒಮ್ಮೆ ಕೇಳಿದಳು. ನಾವು ಹೇಳಿದೆವು. ಆಕೆ ಮತ್ತೆ ಕೇಳಲಿಲ್ಲ. ಆಮೇಲೆ ಹಬ್ಬದ ದಿನದ ಫೋನುಗಳು ಚಿಕ್ಕದಾಗುತ್ತ ಹೋದವು. ಇಡಿಯಾಗಿ ಇಟ್ಟುಕೊಂಡೆವೆಂಬ ಸಮಾಧಾನದಲ್ಲಿ ನಾವು ಪ್ರತಿ ಚಳಿಗಾಲ ನುಸಿಗುಳಿಗೆ ಬದಲಾಯಿಸುತ್ತಿದ್ದೆವು, ಅಷ್ಟೇ.

ಹೊರಡುವ ದಿನ ಮನೆಯೊಡತಿ ಆಸನದ ಬಟ್ಟೆಯ ಒಂದು ಗೆರೆಯನ್ನು ತೋರಿಸಿದ್ದರು. ಹಳೆಯ ಮಗ್ಗಗಳು ಕಿರಿದಾಗಿದ್ದುದರಿಂದ ಆ ಓಕ್ಲೆಯನ್ನು ಎರಡು ಪಟ್ಟಿಗಳಾಗಿ ನೇಯ್ದು ನಡುವೆ ಹೊಲಿದಿದ್ದರಂತೆ. ಅದು ಆ ಹೊಲಿಗೆಯ ಗುರುತು. ದೆಹಲಿಗೆ ಬಂದ ವಾರದಲ್ಲಿ ಟ್ರಂಕನ್ನು ತೆರೆದು ಕಂಬಳಿಯನ್ನು ಹರಡಿದೆವು. ಒಂದು ಮೂಲೆಯಲ್ಲಿ ನುಸಿ ಆಗಲೇ ಕೆಲಸ ಶುರುಮಾಡಿತ್ತು. ನಡುವೆ, ಇಷ್ಟು ವರ್ಷ ನಮ್ಮ ಕಣ್ಣಿಗೆ ಬೀಳದಿದ್ದ ದಪ್ಪ ಹೊಲಿಗೆ. ಅವ್ವನ ಕಂಬಳಿಯೂ ಎರಡು ಪಟ್ಟಿ. ಕತ್ತರಿಯೇ ಬೇಕಿರಲಿಲ್ಲ.

ಅಂದು ರಾತ್ರಿಯೇ ಅಕ್ಕನಿಗೆ ಫೋನು ಮಾಡಿ, ಹೊಲಿಗೆ ಬಿಚ್ಚಿ ಚೆನ್ನಾಗಿರುವ ಪಟ್ಟಿಯನ್ನು ಅವಳಿಗೆ ಕಳಿಸುವುದಾಗಿಯೂ, ನುಸಿ ತಿಂದದ್ದನ್ನು ಸರಿಮಾಡಿಸಿ ನಮ್ಮ ದಿವಾನಕ್ಕೆ ಹೊದಿಸುವ ಯೋಚನೆಯಿರುವುದಾಗಿಯೂ ಹೇಳಿದೆವು. ಅವ್ವನ ಕಂಬಳಿಯ ಮೇಲೆ ಕೂರುವುದು ಸರಿಯೋ ತಪ್ಪೋ ಎಂಬ ಅಳುಕನ್ನೂ ಮುಚ್ಚಿಡಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕೂರಾಕೆ ಯಾಕೆ ಅಂಜ್ತೀಯೋ ತಮ್ಮಾ? ನಿನ್ನ ಮದುವ್ಯಾಗೆ ಅವ್ವ ನಿನ್ನ ಕೂರಿಸಿದ್ದು ಅದೇ ಕಂಬಳಿ ಮ್ಯಾಲೆ" ಎಂದಳು.

ಅದು ನಮಗೆ ಮರೆತೇ ಹೋಗಿತ್ತು. ಪಕ್ಕದಲ್ಲಿದ್ದ ಶ್ರೀಮತಿಯವರು ಫೋನನ್ನು ಕೈಗೆ ತೆಗೆದುಕೊಂಡರು. ಆ ಮಾತು ಮುಗಿಯಲು ಒಂದು ಗಂಟೆ ಹಿಡಿಯಿತು.