ಮೆಚ್ಚಿದವರ ಮುನಿಸು

ಅಪರಿಚಿತ ಲೇಖಕನ ಕಾದಂಬರಿ ರುಚಿಸದಿದ್ದರೆ ಓದುಗ ಅದನ್ನು ಮುಚ್ಚಿಟ್ಟು ಮಲಗುತ್ತಾನೆ, ನಿದ್ರೆಗೇನೂ ಭಂಗವಿಲ್ಲ. ಮೆಚ್ಚಿನ ಲೇಖಕನ ಕೃತಿಯಾದರೆ ಮಾತೇ ಬೇರೆ. ಬಹುಕಾಲ ಕಾದು, ಮನೆಯಲ್ಲಿ ಇನ್ನೊಬ್ಬರ ಕೈಗೆ ಸಿಕ್ಕುವ ಮೊದಲೇ ಪುಸ್ತಕ ಹಿಡಿದು ಕುಳಿತವನಿಗೆ ಐವತ್ತನೆಯ ಪುಟದಲ್ಲಿ ಅನುಮಾನ, ನೂರನೆಯ ಪುಟದಲ್ಲಿ ಆಕಳಿಕೆ, ಕೊನೆಯ ಪುಟದಲ್ಲಿ ಕೋಪ! ಹಬ್ಬದೂಟಕ್ಕೆಂದು ಕರೆದು ಬರಿಯ ಸಾರನ್ನ ಬಡಿಸಿದ ನೆಂಟರ ಮೇಲೆ ಹುಟ್ಟುವಂಥ ಕೋಪ ಅದು. ಈ ಮುನಿಸು ಲೇಖಕನ ಕಿವಿಗೆ ಬಿದ್ದರೆ ಆತ ಏನು ಮಾಡಬೇಕು? ಇಂಗ್ಲೆಂಡಿನ ಕಾದಂಬರಿಕಾರ್ತಿ ಜೇನ್ ಆಸ್ಟೆನ್ ಮಾಡಿದ್ದು ಸ್ವಾರಸ್ಯವಾಗಿದೆ. ಆಕೆ ಅದನ್ನು ಬರೆದಿಟ್ಟುಕೊಂಡಳು.

1813ರಲ್ಲಿ ಪ್ರಕಟವಾದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ವಾಚಕರನ್ನು ಮರುಳುಮಾಡಿತ್ತು. ಎಲಿಜಬೆತಳ ಚುರುಕು ನಾಲಗೆ, ಡಾರ್ಸಿಯ ಬಿಗುಮಾನ, ಅವರಿಬ್ಬರ ಜಗಳದಲ್ಲಿ ಮೊಳೆತ ಪ್ರೇಮ ಮನೆಮನೆಯ ಮಾತಾಗಿದ್ದವು. 1815ರ ಡಿಸೆಂಬರ್ ತಿಂಗಳಲ್ಲಿ ‘ಎಮ್ಮಾ’ ಮೂರು ಸಂಪುಟಗಳಲ್ಲಿ ಹೊರಬಂದಿತು. ಪುಸ್ತಕದ ಮೊದಲ ಹಾಳೆಯಲ್ಲಿ ಲೇಖಕಿಯ ಹೆಸರಿರಲಿಲ್ಲ. ‘ಪ್ರೈಡ್ ಅಂಡ್ ಪ್ರೆಜುಡಿಸ್’ ಬರೆದವರ ಕೃತಿಯೆಂದು ಮಾತ್ರವೇ ಇತ್ತು. ಹಳೆಯ ಕೀರ್ತಿಯನ್ನು ಹಣೆಯ ಮೇಲೆ ಹೊತ್ತು ಬಂದ ಕೃತಿಯನ್ನು ಹಳೆಯ ತಕ್ಕಡಿಯಲ್ಲಿ ತೂಗದೆ ವಾಚಕರು ಬೇರೇನು ಮಾಡಿಯಾರು?

ಕಥೆಯ ನಾಯಿಕೆ ಎಮ್ಮಾಳಿಗೆ ಇಪ್ಪತ್ತೊಂದು ತುಂಬುತ್ತಿರುವ ಪ್ರಾಯ. ರೂಪ, ಐಶ್ವರ್ಯ, ಜಾಣತನ ಎಲ್ಲವೂ ಉಂಟು. ತನಗೆ ಮದುವೆ ಬೇಡ. ಊರವರಿಗೆ ಮದುವೆ ಮಾಡಿಸುವ ಹುಚ್ಚು ಮಾತ್ರ ಬಹಳ. ಹ್ಯಾರಿಯೆಟ್ ಎಂಬ ಮುಗ್ಧೆಗೆ ಊರ ಪಾದ್ರಿಯನ್ನು ಗಂಟುಹಾಕಲು ಹೊರಟರೆ, ಆತ ಎಮ್ಮಾಳ ಕೈಯನ್ನೇ ಬೇಡುತ್ತಾನೆ! ಪರರ ಮನಸ್ಸನ್ನೆಲ್ಲ ಬಲ್ಲೆನೆಂದು ಬೀಗುವವಳಿಗೆ, ನೆರೆಯ ನೈಟ್ಲಿಯ ಮೇಲೆ ತನಗಿರುವ ಒಲವು ಕಥೆ ಮುಗಿಯುವ ಹೊತ್ತಿಗಷ್ಟೇ ಅರಿವಾಗುತ್ತದೆ. ತನ್ನನ್ನುಳಿದು ಬೇರಾರೂ ಹೆಚ್ಚಾಗಿ ಮೆಚ್ಚದ ನಾಯಿಕೆ ಇವಳೆಂದು ಆಸ್ಟೆನಳೇ ಹೇಳಿದ್ದಳಂತೆ. ಪುಸ್ತಕ ಹೊರಬರುವ ಹೊತ್ತಿನಲ್ಲಿ ಯುವರಾಜನ ಗ್ರಂಥಪಾಲಕನಿಗೆ ಬರೆದ ಪತ್ರದಲ್ಲಿಯೂ, ಹಿಂದಿನ ಕೃತಿಗಳನ್ನು ಮೆಚ್ಚಿದವರಿಗೆ ಇದು ಸಪ್ಪೆಯೆನಿಸೀತೆಂಬ ಅಳುಕನ್ನು ತೋಡಿಕೊಂಡಳು.

ಅಳುಕು ಸುಳ್ಳಾಗಲಿಲ್ಲ. ಮೊದಲ ನಿರಾಶೆ ಮನೆಯಲ್ಲೇ ಕಾದಿತ್ತು. ಹಿಂದಿನ ಕೃತಿಯ ಕಾಲಿನ್ಸ್, ಲೇಡಿ ಕ್ಯಾಥರಿನ್ ಅವರಿಗೆ ಸರಿದೊರೆಯಾದ ಪಾತ್ರ ಇದರಲ್ಲಿಲ್ಲವೆಂದು ತಾಯಿಯ ಅಭಿಪ್ರಾಯ. ಹಿರಿಯಣ್ಣ ಜೇಮ್ಸ್ ದಂಪತಿಗಳಿಗೆ ಭಾಷೆಯೇ ಸುಲಭವಾಗಿ ಓದಿಸಿಕೊಂಡು ಹೋಗಲಿಲ್ಲ. ಅಣ್ಣನ ಮಗಳು ಫ್ಯಾನಿಗೆ ನೈಟ್ಲಿ ಪ್ರಿಯನಾದ, ಎಮ್ಮಾಳನ್ನು ಕಂಡರೆ ಸಹಿಸದು. ಲೇಖಕಿ ಪರಿಚಿತಳಲ್ಲದಿದ್ದರೆ ಓದಿ ಮುಗಿಸುವುದೇ ಕಷ್ಟವಾಗುತ್ತಿತ್ತೆಂದು ಒಬ್ಬಾಕೆ. ಸ್ವಾರಸ್ಯವಿಲ್ಲವೆಂದು ಕೇಳಿದ್ದರಿಂದ ಮೊದಲ ಹಾಗೂ ಕೊನೆಯ ಅಧ್ಯಾಯಗಳನ್ನಷ್ಟೇ ಓದಿದೆನೆಂದು ಇನ್ನೊಬ್ಬ. ಆಸ್ಟೆನ್ ಇವನ್ನೆಲ್ಲ ಹೆಸರು ಸಹಿತ, ಪ್ರಶಂಸೆಯ ಮಾತುಗಳ ಪಕ್ಕದಲ್ಲಿಯೇ, ಒಂದಕ್ಕೂ ಉತ್ತರ ಬರೆಯದೆ ಗುರುತುಹಾಕಿಟ್ಟಳು. ಆ ಕೈಬರಹ ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಅವಳಿಗೆ ತಿಳಿಯದ ಮುನಿಸೂ ಇತ್ತು. ಪ್ರಸಿದ್ಧ ಲೇಖಕಿ ಮರಿಯಾ ಎಜ್‌ವರ್ತ್‌ಗೆ ಗೌರವಪ್ರತಿ ಹೋಗಿತ್ತು. ಇದರಲ್ಲಿ ಕಥೆಯೇ ಇಲ್ಲವೆಂದು ಆಕೆ ತನ್ನವರಿಗೆ ಪತ್ರ ಬರೆದಳು. ಅಚ್ಚಾದ ಎರಡು ಸಾವಿರ ಪ್ರತಿಗಳಲ್ಲಿ 539 ಪ್ರತಿಗಳು ನಾಲ್ಕು ವರ್ಷಗಳ ಮೇಲೂ ಮಾರಾಟವಾಗದೆ ಉಳಿದವು. ಅಷ್ಟರಲ್ಲಿ ಆಸ್ಟೆನ್ ಇರಲಿಲ್ಲ. 1817ರ ಜುಲೈ 18ರಂದು, ನಲವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದಳು. ‘ಎಮ್ಮಾ’ ಅವಳ ಅತ್ಯುತ್ತಮ ಕೃತಿಯೆಂದು ಎಷ್ಟೋ ವಿಮರ್ಶಕರು ಆಮೇಲೆ ಕೊಂಡಾಡಿದ್ದನ್ನು ಕೇಳುವ ಭಾಗ್ಯ ಅವಳಿಗಿರಲಿಲ್ಲ.

ಹಾಗಾದರೆ ಅಂದಿನ ಓದುಗರು ಅರಸಿಕರೇ? ಹಾಗೆನ್ನುವುದು ಅನ್ಯಾಯ. ಅವರಿಗೆ ಬೇಕಾಗಿದ್ದುದು ಮತ್ತೊಮ್ಮೆ ಎಲಿಜಬೆತಳ ಸಂಗ. ಅಗಲಿದ ಗೆಳತಿ ಬರುವಳೆಂದು ಬಾಗಿಲು ತೆರೆದವರಿಗೆ ಹೊಸ ಮುಖ ಕಂಡರೆ, ಆ ಮುಖ ಎಷ್ಟೇ ಚೆಲುವಾದರೂ, ಒಂದು ಗಳಿಗೆ ಮನಸ್ಸು ಮುದುಡುವುದು ಸಹಜ. ಆ ನಿರಾಶೆಗೆ ಮೂಲ ಪ್ರೀತಿಯೇ ಎಂಬುದನ್ನು ಆಸ್ಟೆನ್ ಅರಿತಿರಬೇಕು. ಇಲ್ಲವಾದರೆ ಯಾರು ತಾನೇ ತನ್ನ ನಿಂದೆಯನ್ನು ಅಷ್ಟು ಜತನದಿಂದ ಕಾಪಾಡುತ್ತಾರೆ? ಆದರೆ ಅವರನ್ನು ಒಲಿಸಿಕೊಳ್ಳಲು ಆಕೆ ಎಲಿಜಬೆತಳನ್ನು ಮರಳಿ ಕರೆತರಲಿಲ್ಲ. 1816ರಲ್ಲಿ ಮುಗಿಸಿದ ‘ಪರ್ಸ್ಯುಯೇಷನ್’ ಕಾದಂಬರಿಯ ನಾಯಿಕೆ ಇಪ್ಪತ್ತೇಳರ, ಮಿತಭಾಷಿಯಾದ, ಚೆಲುವು ಮಾಸಿದ ಹೆಣ್ಣು. ಓದುಗರ ಮಾತನ್ನು ಕಿವಿಗೊಟ್ಟು ಕೇಳಿದಳು. ಬರೆಯುವಾಗ ತನ್ನ ದಾರಿಯನ್ನೇ ಹಿಡಿದಳು.

ಆ ಪಟ್ಟಿಯಲ್ಲಿ ತಮ್ಮ ಚಾರ್ಲ್ಸನ ಮಾತೂ ಇದೆ. ನೌಕಾದಳದಲ್ಲಿದ್ದ ಆತ ಸಮುದ್ರಯಾನದ ನಡುವೆ ‘ಎಮ್ಮಾ’ವನ್ನು ಮೂರು ಸಲ ಓದಿದ, ಮೊದಲಿನ ಮೆಚ್ಚಿನ ಕೃತಿಗಿಂತಲೂ ಇದನ್ನು ಹೆಚ್ಚು ಮೆಚ್ಚಿದ. ಮೆಚ್ಚಿನ ಲೇಖಕನ ಮೇಲೆ ಮುನಿದು, ಪುಸ್ತಕವನ್ನು ಹಳೆಯ ಕಾಗದದ ಅಂಗಡಿಗೆ ಹಾಕಹೊರಟ ಓದುಗ ಚಾರ್ಲ್ಸನನ್ನು ಒಮ್ಮೆ ನೆನೆದು, ಅದನ್ನು ಕಪಾಟಿನಲ್ಲಿಯೇ ಇಟ್ಟುಕೊಳ್ಳುವುದು ಲೇಸು. ಎರಡನೆಯ ಸಲದ ಓದು ಇನ್ನೂ ಬಾಕಿಯಿದೆ.