ಹದಿನೆಂಟು ಸೆಕೆಂಡಿಗೆ ಸತ್ತ ಡ್ರ್ಯಾಗನ್

ಎರಡು ವಾರ ಕೂತು ತಯಾರು ಮಾಡಿದ ಡ್ರ್ಯಾಗನ್ ಸ್ವಾಮೀ ಅದು! ಗುಹೆಯ ನಕ್ಷೆ ಬರೆದಿದ್ದೆ, ಅದು ಆಡಬೇಕಾದ ಮಾತೆಲ್ಲ ಬರೆದಿಟ್ಟುಕೊಂಡಿದ್ದೆ, ಕನ್ನಡಿ ಮುಂದೆ ನಿಂತು ಗುಡುಗೋದನ್ನೂ ಅಭ್ಯಾಸ ಮಾಡಿದ್ದೆ. ಮೂರನೇ ಸುತ್ತಿಗೆ ಸತ್ತು ಬಿತ್ತು. ಈ ಆಟದಲ್ಲಿ ಒಂದು ಸುತ್ತು ಅಂದ್ರೆ 6 ಸೆಕೆಂಡು. ನೀವೇ ಲೆಕ್ಕ ಹಾಕಿ, 18 ಸೆಕೆಂಡು. ಪಾಪ, ಅದರ ಭಾಷಣದ ಮೊದಲ ಪುಟವೂ ಮುಗಿದಿರಲಿಲ್ಲ...

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡದೇ ಇರೋರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಮೇಜಿನ ಸುತ್ತ ಕೂತು, ಕಾಗದ, ಪೆನ್ಸಿಲ್, 20 ಮುಖದ ದಾಳ ಇಟ್ಟುಕೊಂಡು ಎಲ್ಲರೂ ಸೇರಿ ಕಥೆ ಕಟ್ಟೋದು. ಒಬ್ಬೊಬ್ಬರದು ಒಂದೊಂದು ಪಾತ್ರ. ಉಳಿದ ಲೋಕ, ರಾಕ್ಷಸರು, ಊರ ಜನ, ಮಳೆ ಗಾಳಿ ಎಲ್ಲಾ ನಡೆಸೋನು ಡಂಜನ್ ಮಾಸ್ಟರ್. ನಮ್ಮ ಗುಂಪಿನಲ್ಲಿ ಆ ಕೆಲಸ ನನ್ನದು. ಒಂಥರಾ ತಾಳಮದ್ದಳೆ ಇದ್ದ ಹಾಗೆ ಅಂದುಕೊಳ್ಳಿ. ಮಾತು ಆವತ್ತಿಂದು ಆವತ್ತಿಗೆ ಹುಟ್ಟಬೇಕು. ಆದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿರಲ್ಲ.

ನಾವು ನಾಲ್ಕೈದು ಜನ ಶನಿವಾರ ರಾತ್ರಿ ಸೇರ್ತೀವಿ. 2014ರ ಐದನೇ ಆವೃತ್ತಿಯ ನಿಯಮ ನಮ್ಮದು. ಡ್ರ್ಯಾಗನ್ ಕೊಂದ ಮಹಾನುಭಾವ ನನ್ನ ಹಳೇ ಗೆಳೆಯ. ಅವನದು ಪ್ಯಾಲಡಿನ್ ಪಾತ್ರ, ಅಂದ್ರೆ ವ್ರತ ತೊಟ್ಟ ಯೋಧ. ಎಂಟನೇ ಹಂತ ತಲುಪಿದ್ದ. ಒಂದು ಸರದಿಗೆ ಎರಡು ಏಟು. ಏಟು ಬಿದ್ದ ಮೇಲೆ ಬೇಕಾದ್ರೆ ಮಂತ್ರಶಕ್ತಿ ಸುರಿದು ಇನ್ನೂ ಜೋರು ಮಾಡಬಹುದು, ಮಲಗಿ ಏಳೋದರೊಳಗೆ ಹಾಗೆ 7 ಸಲ. ಇದು ಸಾಲದು ಅಂತ ಬೆಂಕಿ ಕಾರೋ ಕತ್ತಿ ಬೇರೆ. ಆ ಕತ್ತಿ ಕೊಟ್ಟ ಪುಣ್ಯಾತ್ಮ ಯಾರು? ನಾನೇ!

ಡ್ರ್ಯಾಗನ್ ಸತ್ತ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಮಾನ ಅನ್ನಿಸಿತ್ತು, ನಿಜ ಹೇಳ್ತೀನಿ. ಮುಂದಿನ ವಾರ ಎರಡು ಕಲ್ಲುದೈತ್ಯರನ್ನ ತಂದೆ. ಪುಸ್ತಕದಲ್ಲಿದ್ದ ಬಲ ಸಾಲದು ಅಂತ ಅವರ ಆಯಸ್ಸೂ ಏಟೂ ಎರಡನ್ನೂ ಹೆಚ್ಚಿಸಿದೆ. ಈ ಸಲ ನೋಡ್ಕೋತೀನಿ ಮಗನೇ ಅಂತ ಒಳಗೊಳಗೇ ನಗ್ತಾ ಕೂತಿದ್ದೆ.

ಆದದ್ದೇನು? ಪ್ಯಾಲಡಿನ್ ಮೈಮೇಲೆ ಉಕ್ಕಿನ ಕವಚ, ಕೈಯಲ್ಲಿ ಗುರಾಣಿ. ಅರ್ಧಕ್ಕರ್ಧ ಏಟು ಅವನಿಗೆ ತಾಗಲೇ ಇಲ್ಲ. ಪಕ್ಕದಲ್ಲಿದ್ದ ಬಾರ್ಡ್, ಅಂದ್ರೆ ಹಾಡುಗಾತಿ, ತೊಗಲಿನ ಅಂಗಿಯಲ್ಲಿದ್ದಳು. ಒಂದೇ ಸರದಿಯಲ್ಲಿ ಎರಡೂ ಏಟು ಅವಳಿಗೆ. ಬಿದ್ದಳು. ಜೀವ ಉಳಿಸೋ ದಾಳ ಮೂರು ಸಲವೂ ಕೈಕೊಟ್ಟಿತು. ಒಂದೂವರೆ ವರ್ಷದಿಂದ ಆ ಪಾತ್ರ ಆಡ್ತಿದ್ದ ಗೆಳತಿ "ಪರವಾಗಿಲ್ಲ ಬಿಡೋ" ಅಂದು ಹಾಳೆ ಮಡಚಿ ಬ್ಯಾಗಿಗೆ ಹಾಕ್ಕೊಂಡಳು. ಆಮೇಲೆ ಮನೆಗೆ ಹೋಗೋ ತನಕ ಮಾತಾಡಲಿಲ್ಲ. ಪ್ಯಾಲಡಿನ್ನು? ಕೊನೆಗೆ ದೈತ್ಯರಿಬ್ಬರನ್ನೂ ಅವನೇ ಮುಗಿಸಿದ್ದ.

ರಾತ್ರಿ ಅವನ ಫೋನು. "ಅದು ನನಗೆ ಅಂತ ತಂದಿದ್ದು ತಾನೇ? ಅವಳಿಗೆ ಬಿತ್ತು ನೋಡು."

ಏನು ಹೇಳ್ಲಿ? ಹೌದು ಅಂದೆ. ಅವನಿಗೂ ಬೇಜಾರಾಗಿತ್ತು. "ದಿನವಿಡೀ ಆಫೀಸಲ್ಲಿ ಇನ್ನೊಬ್ಬರು ಹೇಳಿದ್ದಕ್ಕೆಲ್ಲ ತಲೆ ಆಡಿಸ್ತೀನಿ ಕಣೋ. ವಾರಕ್ಕೊಂದು ರಾತ್ರಿ ನಾನು ಹೊಡೆದ ಏಟು ತಾಗುತ್ತೆ. ಅದನ್ನೂ ಕಿತ್ಕೋಬೇಕಾ?" ಅಂದ. ನಿಜಕ್ಕೂ ನಾಚಿಕೆ ಆಯ್ತು. ಯಾಕಂದ್ರೆ ಕತ್ತಿಯನ್ನ ಕಳ್ಳರ ಕೈಲಿ ಕದಿಸಿಬಿಡೋಣ ಅಂತ ಆಗಲೇ ಯೋಚನೆ ಮಾಡಿಟ್ಟಿದ್ದೆ.

ಈ ತಲೆನೋವು ನನಗೊಬ್ಬನಿಗೇ ಅಲ್ಲ, ಆಟ ಹುಟ್ಟಿಸಿದ ಗೈಗ್ಯಾಕ್ಸ್‌ಗೂ ಇತ್ತು. ಅವರ ಮೇಜಿನಲ್ಲಿ ರಾಬ್ ಕುಂಟ್ಜ್ ಆಡ್ತಿದ್ದ ರೋಬಿಲಾರ್, ಮಗ ಅರ್ನಿ ಆಡ್ತಿದ್ದ ಟೆನ್ಸರ್ ಅಂತ ಎರಡು ಸೋಲಿಲ್ಲದ ಪಾತ್ರಗಳು. ಅವರನ್ನ ಕೆಡವಲಿಕ್ಕೇ ಅಂತ 'ಟೂಂಬ್ ಆಫ್ ಹಾರರ್ಸ್' ಅನ್ನೋ ಗೋರಿ ಕಟ್ಟಿದರು. 1975ರ ಒರಿಜಿನ್ಸ್ ಸಮಾವೇಶದಲ್ಲಿ ಅದನ್ನ ಆಡಿಸಿದರು, 1978ರಲ್ಲಿ ಪುಸ್ತಕವಾಯ್ತು. ಅದರೊಳಗೆ ದೊಡ್ಡ ರಾಕ್ಷಸರ ಸೈನ್ಯ ಇಲ್ಲ, ಹೆಜ್ಜೆ ಹೆಜ್ಜೆಗೂ ಮೋಸದ ಬಾಗಿಲು, ಬಾಯಿಬಿಟ್ಟ ಕಲ್ಲುಮುಖ, ಉಪಾಯ. ತೋಳ್ಬಲ ಅಲ್ಲಿ ನಡೆಯಲ್ಲ. ರೋಬಿಲಾರ್ ಏನು ಮಾಡಿದ ಗೊತ್ತೇ? ತನ್ನ ಕೈಕೆಳಗಿನ ಓರ್ಕ್‌ಗಳನ್ನ ಮುಂದೆ ಬಿಟ್ಟು ದಾರಿ ನೋಡ್ಕೊಂಡ. ಕೊನೇ ಕೋಣೆಯಲ್ಲಿ ತಲೆಬುರುಡೆ ಮೇಲೇಳ್ತಿದ್ದ ಹಾಗೆ ನಿಧಿಯನ್ನೆಲ್ಲ ಚೀಲಕ್ಕೆ ಬಾಚಿಕೊಂಡು ಓಟ ಕಿತ್ತ! ಸೋಲಿಲ್ಲದ ಸರದಾರ ಕತ್ತಿ ಎತ್ತದೇ ಗೆದ್ದು ಬಂದ.

ಇದನ್ನ ಓದಿ ನಮ್ಮ ಭೀಮ ನೆನಪಾದ. ಸೌಗಂಧಿಕಾ ಪುಷ್ಪ ತರೋಕೆ ಹೊರಟಾಗ ಅವನನ್ನ ತಡೆದದ್ದು ಅವನಿಗಿಂತ ದೊಡ್ಡ ಸೈನ್ಯ ಅಲ್ಲ, ದಾರಿಗಡ್ಡ ಬಿದ್ದ ಒಂದು ಮುದಿ ಕೋತಿಯ ಬಾಲ. ಅದರಿಂದ ಭೀಮನ ಬಲವೇನೂ ಕಮ್ಮಿ ಆಗಲಿಲ್ಲ. ಅವನ ಗದೆಯನ್ನೂ ಯಾರೂ ಕದೀಲಿಲ್ಲ.

ಸರಿ, ಪುಸ್ತಕ ತೆಗೆದು ಮತ್ತೆ ಮೊದಲಿಂದ ಓದಿದೆ. ನನ್ನ ತಪ್ಪು ಅಲ್ಲೇ ಇತ್ತು. 2014ರ ಡಂಜನ್ ಮಾಸ್ಟರ್ ಪುಸ್ತಕದ ಪ್ರಕಾರ ಒಂದು ಗುಂಪು ದಿನಕ್ಕೆ ಆರೆಂಟು ಮಧ್ಯಮ ಅಥವಾ ಕಷ್ಟದ ಕಾಳಗ ತಡ್ಕೊಳ್ಳುತ್ತೆ. ನಾನು ಇಡ್ತಿದ್ದದ್ದು ಒಂದು. ಅದು ಮುಗಿದ ಕೂಡಲೇ 8 ಗಂಟೆ ಮಲಗೋಕೆ ಬಿಡ್ತಿದ್ದೆ. 7 ಸಲದ ಶಕ್ತಿ ಒಂದೇ ಜಗಳಕ್ಕೆ ಸುರಿದ್ರೆ ಯಾವ ಡ್ರ್ಯಾಗನ್ ಉಳಿಯುತ್ತೆ ಹೇಳಿ? ಇನ್ನೊಂದು ಲೆಕ್ಕ. ಸರದಿಗೆ ಎರಡೇ ಏಟು ಅಂದ್ರೆ ಎದುರಿಗೆ 12 ಗಾಬ್ಲಿನ್ ಇದ್ದರೆ ಸಾಯೋದು ಎರಡೇ. ಗಾಬ್ಲಿನ್‌ಗೆ ಇರೋದು 7 ಹಿಟ್ ಪಾಯಿಂಟು. ಆ ಬೆಂಕಿ ಕತ್ತಿಯ ಮುಕ್ಕಾಲು ಬಲ ದಂಡ!

ಆದರೆ ಎಲ್ಲಕ್ಕಿಂತ ಮುಖ್ಯವಾದ ನಿಯಮ ಬೇರೆ ಕಡೆ ಸಿಕ್ಕಿತು. ಸತ್ತವರನ್ನ ಬದುಕಿಸೋ ಮಂತ್ರ ಇದೆ. ಸತ್ತು 10 ದಿನ ಮೀರಿರಬಾರದು, 500 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ನಮ್ಮಲ್ಲಿ ಯಾರಿಗೂ ಆ ಮಂತ್ರ ಬರಲ್ಲ. ಮಂತ್ರ ಬಲ್ಲ ಅರ್ಚಕ ಆರು ದಿನದ ದಾರಿಯ ದೇವಸ್ಥಾನದಲ್ಲಿದ್ದಾನೆ, ವಜ್ರ ದಾರಿಯಲ್ಲಿನ ಒಂದು ಊರಿನ ಮುದುಕಿಯ ಹತ್ತಿರ ಇದೆ ಅಂತ ಕಥೆ ಕಟ್ಟಿದೆ. ಗೆಳತಿಗೆ ಫೋನ್ ಮಾಡಿ, "ಆ ಮುದುಕಿ ಪಾತ್ರ ನೀನೇ ಮಾಡ್ತೀಯೇನೇ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರ್ತೀನಿ" ಅಂದಳು.

ಮುಂದಿನ ಎರಡು ಶನಿವಾರ ನಮ್ಮ ಮೇಜಿನ ಗಲಾಟೆಯೇ ಬೇರೆ. ದಿನಗಳು ಕಳೀತಾ ಇವೆ, ಕಾಡಲ್ಲಿ ದಿನಕ್ಕೆ ನಾಲ್ಕೈದು ಕಾಳಗ, ಮಲಗೋದು ದಿನಕ್ಕೊಂದೇ ಸಲ. ಪ್ಯಾಲಡಿನ್ ಮೊದಲ ಸಲ ಶಕ್ತಿ ಎಣಿಸಿ ಎಣಿಸಿ ಖರ್ಚು ಮಾಡಿದ. ಒಂದು ಕಡೆ ಮಾತ್ರ ಬೇಕೂಂತಲೇ ಡಕಾಯಿತರ ಗುಂಪಿಟ್ಟೆ. ಅವನ ಕತ್ತಿ ಹೊತ್ತಿಕೊಂಡಿದ್ದು ನೋಡಿಯೇ ಓಡಿಹೋದರು. ಅವನ ಮುಖ ನೋಡಬೇಕಿತ್ತು ನೀವು!

ಮುದುಕಿ ಮನೆಗೆ ಬಂದರು. ಕದಿಯೋ ಹಾಗಿಲ್ಲ, ಬೆದರಿಸೋ ಹಾಗಿಲ್ಲ, ವ್ರತ ಅಡ್ಡ ಬರುತ್ತೆ. ಭೀಷ್ಮನನ್ನ ಕಟ್ಟಿಹಾಕಿದ್ದೂ ಅವನ ಮಾತೇ ಅಲ್ವಾ? ಹಣ ಕೊಡ್ತೀವಿ ಅಂದರೆ ಮುದುಕಿ ಬೇಡ ಅಂದಳು. "ಆ ಕತ್ತಿ ಇಟ್ಟು ಹೋಗು. ಚಳಿಗಾಲಕ್ಕೆ ಒಲೆ ಹಚ್ಚೋಕಾಗುತ್ತೆ" ಅಂದಳು! ನಾನಂತೂ ಇದನ್ನ ಹೇಳಿಕೊಟ್ಟಿರಲಿಲ್ಲ. ಮೇಜು ಪೂರ್ತಿ ಸ್ತಬ್ಧ. ಗೆಳೆಯ ಹಾಳೆ ನೋಡಿದ, ಅವಳನ್ನ ನೋಡಿದ, ರಬ್ಬರ್ ತಗೊಂಡು ಕತ್ತಿಯ ಸಾಲನ್ನ ಅಳಿಸಿದ.

ನಾನು ಕದಿಯೋಕೆ ಹೊರಟಿದ್ದನ್ನ ಅವನೇ ಕೊಟ್ಟ. ಕದ್ದಿದ್ದರೆ ನಮ್ಮ ಸ್ನೇಹದಲ್ಲೇ ಒಂದು ಬಿರುಕು ಉಳೀತಿತ್ತೇನೋ. ಕೊಟ್ಟಿದ್ದರಿಂದ ಇವತ್ತಿಗೂ ಆ ಕಥೆ ಹೇಳ್ಕೊಂಡು ತಿರುಗ್ತಾನೆ.

ಹಾಡುಗಾತಿ ಒಂಬತ್ತನೇ ದಿನ ಕಣ್ಣು ಬಿಟ್ಟಳು. ಎದ್ದವಳೇ ಕೇಳಿದ ಮೊದಲ ಮಾತು: "ನಿನ್ನ ಕತ್ತಿ ಎಲ್ಲೋ?"

ಈಗ ಹೊಸ ಡ್ರ್ಯಾಗನ್ ತಯಾರಾಗ್ತಾ ಇದೆ. ಈ ಸಲ ಭಾಷಣ ಅರ್ಧ ಪುಟ ಅಷ್ಟೇ :-)

ನಿಮ್ಮಲ್ಲಿ ಯಾರಾದ್ರೂ ಈ ಆಟ ಆಡಿಸೋರಿದ್ರೆ, ನಿಮ್ಮ ಭೀಮಂದಿರನ್ನ ಹೇಗೆ ಸಂಭಾಳಿಸ್ತೀರಿ? ಹೇಳಿ, ಕಾಯ್ತಿರ್ತೀನಿ.